ಚೆಂದಕ್ಕಾಗಿ ತೆಗೆದ ಪ್ಯಾರಾ

‘ಅವನು ಚೆನ್ನಾಗಿ ಬರೀತಾನೆ’ ಎಂದು ಯಾರಾದರೂ ಹೇಳಿದರೆ ಇವತ್ತಿಗೂ ನನಗೆ ಮೈ ಉರಿಯುತ್ತದೆ. ಏನು ಬರೀತಾನೆ, ಗೊತ್ತಿದ್ದು ಬರೀತಾನೋ ಗೊತ್ತಿಲ್ಲದೆಯೋ ಎಂದು ಕೇಳದೆ ಬಿಡುವುದಿಲ್ಲ. ಮನೆಯವರು ‘ಶುರುವಾಯ್ತಪ್ಪ ಇವಳದು’ ಎಂದು ಎದ್ದು ಹೋಗುತ್ತಾರೆ. ಹೋಗಲಿ.

ದೋಹಾದಲ್ಲಿ ಫುಟ್‌ಬಾಲ್ ವಿಶ್ವಕಪ್ಪಿಗೆ ಇನ್ನೊಂದು ವರ್ಷ ಇತ್ತು. ಅಲ್ ಮುಂತಜಾದ ಹಳೆಯ ಕಟ್ಟಡವೊಂದರ ಎರಡನೇ ಮಹಡಿಯಲ್ಲಿ ನಮ್ಮ ಆಫೀಸು. ಕೆಳಗೆ ರಸ್ತೆ ಅಗೆದು ಹಾಕಿದ್ದರಿಂದ ಕಿಟಕಿ ತೆಗೆದರೆ ಮೇಜಿನ ಮೇಲೆಲ್ಲ ಧೂಳು. ಮೈಸೂರಿನಲ್ಲಿ ಫಾರ್ಮಸಿ ಓದಿ ಬಂದ ನಾನು, ವೈದ್ಯಕೀಯ ಉಪಕರಣ ಮಾರುವ ಆ ಕಂಪನಿಯಲ್ಲಿ ಕ್ವಾಲಿಟಿ ವಿಭಾಗ ನೋಡಿಕೊಳ್ಳುತ್ತಿದ್ದೆ. ವಿಭಾಗ ಅಂದರೆ ನಾನೊಬ್ಬಳೇ. ಬೆರಳಿಗೆ ಸಿಕ್ಕಿಸಿದರೆ ರಕ್ತದಲ್ಲಿ ಆಕ್ಸಿಜನ್ ಎಷ್ಟಿದೆಯೆಂದು ತೋರಿಸುವ ಪುಟ್ಟ ಮೀಟರನ್ನು ಹೊರಗಿನಿಂದ ತರಿಸಿ, ನಮ್ಮದೇ ಲೇಬಲ್ ಹಚ್ಚಿ, ಕಾರ್ಮಿಕರ ಕ್ಯಾಂಪುಗಳ ಪ್ರಥಮ ಚಿಕಿತ್ಸೆಯ ಕೋಣೆಗಳಿಗೆ ಕೊಡುವುದೆಂದು ಕಂಪನಿಯ ಯಜಮಾನರು ತೀರ್ಮಾನಿಸಿದ್ದರು.

ಹಾಗೆ ನಮ್ಮ ಹೆಸರಿನಲ್ಲಿ ಮಾರಬೇಕಾದರೆ ಕ್ಲಿನಿಕಲ್ ಇವ್ಯಾಲ್ಯುಯೇಶನ್ ರಿಪೋರ್ಟ್ ಎಂಬುದೊಂದು ಬೇಕು. ಆ ಬಗೆಯ ಉಪಕರಣದ ಮೇಲೆ ನಡೆದ ಸಂಶೋಧನೆಯನ್ನೆಲ್ಲ ಹುಡುಕಿ, ಓದಿ, ತೂಗಿ, ಇದು ಎಲ್ಲಿ ನಂಬಿಕೆಗೆ ಅರ್ಹ, ಎಲ್ಲಿ ಕೈಕೊಡುತ್ತದೆ ಎಂದು ಆಧಾರ ಸಮೇತ ಹೇಳುವ ವರದಿ. ಅದನ್ನು ಬರೆಯುವವರಿಗೆ ವೈದ್ಯಕೀಯವೂ ಗೊತ್ತಿರಬೇಕು, ಆ ಯಂತ್ರವೂ ಗೊತ್ತಿರಬೇಕು. ಕೊನೆಗೆ ಕ್ವಾಲಿಟಿಯವರ ಸಹಿ, ಅಂದರೆ ನನ್ನದು.

ಅಲ್ ಹಿಲಾಲ್ ಬಡಾವಣೆಯಲ್ಲಿದ್ದ ಒಬ್ಬ ಮಲಯಾಳಿ ಡಾಕ್ಟರಮ್ಮನನ್ನು ಪತ್ತೆ ಹಚ್ಚಿದ್ದೆ. ಮಕ್ಕಳಾದ ಮೇಲೆ ಆಸ್ಪತ್ರೆ ಬಿಟ್ಟು ಇಂಥ ವರದಿ ಬರೆಯುವುದನ್ನೇ ಕಸುಬು ಮಾಡಿಕೊಂಡಿದ್ದರು. ಅವರ ಮನೆಗೆ ಹೋಗಿ ಮೀಟರನ್ನು ಮುಂದಿಟ್ಟರೆ ಅವರು ಕೇಳಿದ ಮೊದಲ ಮಾತು, ‘ಇದನ್ನು ಯಾರ ಬೆರಳಿಗೆ ಹಾಕ್ತೀರಿ?’ ಕ್ಯಾಂಪಿನವರಿಗೆ ಎಂದೆ. ‘ಹಾಗಾದ್ರೆ ಚರ್ಮದ ಬಣ್ಣದ ವಿಷಯ ಸರಿಯಾಗಿ ನೋಡ್ಬೇಕು. ಕಪ್ಪು ಚರ್ಮದ ಮೇಲೆ ಇದು ಇರೋದಕ್ಕಿಂತ ಜಾಸ್ತಿ ತೋರಿಸಬಹುದು. ಮೂರು ತಿಂಗಳು ಕೊಡಿ’ ಎಂದರು.

ನಾನು ಮೂರು ತಿಂಗಳು ಎಂದದ್ದೇ ತಡ ಯಜಮಾನರು ಕುರ್ಚಿಯಿಂದ ಎದ್ದೇಬಿಟ್ಟರು. ಮಂಗಳೂರು ಕಡೆಯವರು, ತುಳು ಮಾತಾಡುವ ಮನೆಯವರು. ಕೆಟ್ಟವರಲ್ಲ, ಆದರೆ ಅವಸರ ಅಂದರೆ ಅವಸರ.

‘ಎಂತ ಮೇಡಂ, ಮೂರು ತಿಂಗಳು ಬರೆಯುದಕ್ಕೆ ಅದೇನು ಪುರಾಣವಾ? ನಮ್ಮ ಸಂಘದ ಸ್ಮರಣ ಸಂಚಿಕೆ ಮಾಡ್ತಾರಲ್ಲ, ಅವರಿಗೆ ಕೊಡುವ. ಇಂಗ್ಲಿಷ್ ಅಂದ್ರೆ ಬೆಣ್ಣೆ ಹಾಗೆ ಬರೀತಾರೆ. ನಮ್ಮವರೇ.’

‘ಸಾರ್, ಇದು ಸ್ಮರಣ ಸಂಚಿಕೆ ಅಲ್ಲ.’

‘ಬರವಣಿಗೆ ಅಂದ್ರೆ ಬರವಣಿಗೆ ಮೇಡಂ. ಖಲಾಸ್.’

ದೋಹಾದ ನಮ್ಮ ಜನಕ್ಕೆಲ್ಲ ಆ ಸಂಪಾದಕರು ಗೊತ್ತು. ಶಾಲೆಯೊಂದರಲ್ಲಿ ಇಂಗ್ಲಿಷ್ ಕಲಿಸುತ್ತಿದ್ದರು. ಯಾರಿಗೆ ಅರ್ಜಿ ಬೇಕಾದರೂ, ಯಾರ ಮನೆಯಲ್ಲಿ ಸಾವಾದರೂ, ಯಾರು ಊರಿಗೆ ವಾಪಸು ಹೊರಟರೂ ನಾಲ್ಕು ಸಾಲು ಅವರೇ ಬರೆದುಕೊಡಬೇಕು. ಪರೋಪಕಾರಿ ಮನುಷ್ಯ. ಇಲ್ಲಿ ಯೋಗ್ಯತೆ ಅಳೆಯುವ ಕ್ರಮವೇ ಹಾಗಿತ್ತು ನೋಡಿ: ಸಂಘದಲ್ಲಿ ಒಂದು ಕೆಲಸ ಚೆನ್ನಾಗಿ ಮಾಡಿದವರಿಗೆ ಉಳಿದೆಲ್ಲವೂ ಬರುತ್ತದೆಂದು ಲೆಕ್ಕ. ಗಣೇಶನ ಹಬ್ಬಕ್ಕೆ ಪೆಂಡಾಲು ಹಾಕಿಸಿದವರನ್ನು ಕರೆದು ಎದೆಯ ಆಪರೇಷನ್ ಮಾಡಿಸುವುದೊಂದು ಬಾಕಿ!

ಮೂರೇ ವಾರದಲ್ಲಿ ವರದಿ ಬಂತು. ಓದಲು ಕುಳಿತೆ. ಭಾಷೆ ಸೊಗಸಾಗಿತ್ತು, ಒಂದು ಅಲ್ಪವಿರಾಮವೂ ತಪ್ಪಿರಲಿಲ್ಲ. ಚರ್ಮದ ಬಣ್ಣದ ಬಗ್ಗೆ ಮಾತ್ರ ಒಂದಕ್ಷರವೂ ಇರಲಿಲ್ಲ. ಅವರ ಕಣ್ಣಿಗೆ ಬಿದ್ದಿರಲಿಕ್ಕಿಲ್ಲ, ಪಾಪ ಎಂದುಕೊಂಡು ಫೋನ್ ಮಾಡಿದೆ.

‘ಅಯ್ಯೋ, ಸಿಕ್ಕಿತ್ತು ಮೇಡಂ,’ ಎಂದರು ಅವರು, ಸ್ವಲ್ಪವೂ ಅಳುಕಿಲ್ಲದೆ. ‘ಮೂರು ನಾಲ್ಕು ಕಡೆ ಸಿಕ್ಕಿತ್ತು. ಒಂದು ಪ್ಯಾರಾ ಬರೆದೂ ಇದ್ದೆ. ಮತ್ತೆ ತೆಗೆದೆ. ಕಪ್ಪು ಜನ, ಬಿಳಿ ಜನ ಅಂತೆಲ್ಲ ಬರೆದ್ರೆ ಚೆಂದ ಅಲ್ಲ. ಓದುವವರ ಮನಸ್ಸಿಗೆ ನೋವಾಗ್ತದೆ. ನಾವು ಸಂಚಿಕೆಯಲ್ಲಿ ಸಹ ಅಂಥದ್ದು ಹಾಕುದಿಲ್ಲ.’

ಗೊತ್ತಿಲ್ಲದೆ ಬಿಟ್ಟಿದ್ದರೆ ಕ್ಷಮಿಸಬಹುದಿತ್ತು. ಇವರು ಮರ್ಯಾದೆಗೆಂದು ಬಿಟ್ಟಿದ್ದರು! ಸಂಚಿಕೆಯಲ್ಲಿ ಎಲ್ಲರ ಫೋಟೋಗಳನ್ನೂ ಒಂದು ಸುತ್ತು ಬೆಳ್ಳಗೆ ಮಾಡಿ ಅಚ್ಚು ಹಾಕುವ ಕೈಯೇ ಅಲ್ಲವೇ ಅದು? ಆ ಪ್ಯಾರಾ ಇಲ್ಲದೆ ಸಹಿ ಹಾಕುವುದಿಲ್ಲ ಎಂದು ಯಜಮಾನರಿಗೆ ಹೇಳಿದೆ. ಹಾಕದಿದ್ದರೆ ಹಾಕುವ ಬೇರೆಯವರನ್ನು ತರುತ್ತೇನೆ ಎಂದು ಅವರೂ ಹೇಳಿದರು. ನಾಲ್ಕು ದಿನ ನಮ್ಮಿಬ್ಬರಿಗೂ ಮಾತಿಲ್ಲ.

ಐದನೆಯ ದಿನ ಬೆಳಿಗ್ಗೆ ನಮ್ಮ ಆಫೀಸಿನ ಡ್ರೈವರ್ ಮೆಟ್ಟಿಲು ಹತ್ತಿ ಬಂದು ಬಾಗಿಲ ಬಳಿಯೇ ನಿಂತ. ಬೆಳ್ತಂಗಡಿ ಕಡೆಯವನು, ಬಿಸಿಲಲ್ಲಿ ಓಡಾಡಿ ಇನ್ನಷ್ಟು ಕಪ್ಪಾಗಿದ್ದ. ವಾರದಿಂದ ಕೆಮ್ಮುತ್ತಿದ್ದ, ಅವತ್ತು ಎರಡು ಮಹಡಿ ಹತ್ತಿದ್ದಕ್ಕೇ ಮಾತಾಡಲಾಗದಷ್ಟು ಏದುಸಿರು. ಹಮದ್ ಬಂದರಿಗೆ ಹೋಗಿ ಸರಕು ಬಿಡಿಸಿಕೊಂಡು ಬರುವುದಿತ್ತು. ಯಜಮಾನರು ಸ್ಯಾಂಪಲ್ ಡಬ್ಬಿಯಿಂದ ನಮ್ಮದೇ ಮೀಟರ್ ತೆಗೆದು ಅವನ ಬೆರಳಿಗೆ ಸಿಕ್ಕಿಸಿದರು.

‘ತೊಂಬತ್ತಾರು! ಎಂತ ಇಲ್ಲ ನಿಂಗೆ. ಬಿಸಿನೀರು ಕುಡಿ, ಯಲ್ಲಾ, ಬೇಗ ಹೊರಡು.’

‘ಹೌದು ಸಾರ್, ಸ್ವಲ್ಪ ಕಫ ಅಷ್ಟೇ’ ಎಂದು ಅವನು ಕೀ ತೆಗೆದುಕೊಂಡ.

ನಾನು ಆ ಬೆರಳನ್ನು ನೋಡಿದೆ. ಡಾಕ್ಟರಮ್ಮ ಕೇಳಿದ್ದು ಇಂಥ ಬೆರಳಿನ ಬಗ್ಗೆಯೇ. ಮೀಟರಿನ ಅಂಕಿ ಹೇಳುವುದೊಂದು, ಕಣ್ಣೆದುರು ನಿಂತ ಮನುಷ್ಯನ ಎದೆ ಹೇಳುವುದೇ ಇನ್ನೊಂದು. ಅವನ ಕೈಯಿಂದ ಕೀ ಕಿತ್ತುಕೊಂಡೆ. ‘ಸರಕು ನಾಳೆ ಬಂದ್ರೆ ಮುಳುಗಿ ಹೋಗಲ್ಲ ಸಾರ್’ ಎಂದು ಕೂಗಾಡಿ, ಅವನನ್ನು ನನ್ನ ಕಾರಿನಲ್ಲಿ ಕೂರಿಸಿಕೊಂಡು ಆಸ್ಪತ್ರೆಗೆ ಹೊರಟೆ. ದಾರಿಯುದ್ದಕ್ಕೂ ಅವನು ‘ಸಾರ್ ಬೈತಾರೆ ಮೇಡಂ’ ಎನ್ನುತ್ತಲೇ ಇದ್ದ.

ಆಸ್ಪತ್ರೆಯಲ್ಲಿ ಮಣಿಕಟ್ಟಿನಿಂದ ರಕ್ತ ತೆಗೆದು ಪರೀಕ್ಷೆ ಮಾಡಿದರು. ಆಕ್ಸಿಜನ್ ಎಂಬತ್ತೇಳೇ, ಅಪಾಯದ ಮಟ್ಟ. ನ್ಯುಮೋನಿಯಾ. ಅಲ್ಲಿಯ ಡಾಕ್ಟರು, ‘ಇವರು ಇವತ್ತು ಗಾಡಿ ಓಡಿಸಿದ್ದರೆ ದಾರಿಯಲ್ಲೇ ಪ್ರಜ್ಞೆ ತಪ್ಪುತ್ತಿತ್ತು’ ಎಂದರು. ಅವನ ಮೂಗಿಗೆ ಆಕ್ಸಿಜನ್ ಕೊಳವೆ ಹಾಕಿ ಒಳಗೆ ಕರೆದುಕೊಂಡು ಹೋದರು.

ನಾನು ನೇರ ಆಫೀಸಿಗೆ ಬಂದು ಯಜಮಾನರ ಮುಂದೆ ರಕ್ತ ಪರೀಕ್ಷೆಯ ಕಾಗದ ಇಟ್ಟೆ. ತೊಂಬತ್ತಾರು ಎಂದು ಓದಿ ಹೇಳಿದ್ದು ಅವರದೇ ಬಾಯಿ. ಅಂಕಿಯನ್ನು ಎರಡೆರಡು ಸಲ ಓದಿದರು. ಆಮೇಲೆ, ‘ಆ ಡಾಕ್ಟ್ರಮ್ಮನಿಗೆ ಫೋನ್ ಮಾಡಿ. ಮೂರಲ್ಲ, ನಾಲ್ಕು ತಿಂಗಳಾದ್ರೂ ಆಗ್ಲಿ’ ಎಂದರು. ಸಂಪಾದಕರಿಗೂ ವಿಷಯ ತಿಳಿಯಿತು. ಅವರು ಬಂದು, ಚೆಂದ ನೋಡಿ ಕೆಟ್ಟೆ ಮೇಡಂ ಎಂದು ತಲೆ ತಗ್ಗಿಸಿ ಕುಳಿತರು. ನಾನು ಪರವಾಗಿಲ್ಲ ಎನ್ನಲಿಲ್ಲ. ಒಬ್ಬನ ಜೀವದ ವಿಷಯ, ಅದಕ್ಕೇ ಎನ್ನಲಿಲ್ಲ.

ಆಸ್ಪತ್ರೆ ಸೇರಿದ ನಾಲ್ಕನೆಯ ದಿನ ಡ್ರೈವರನನ್ನು ನೋಡಲು ಹೋದೆ. ಎದ್ದು ಕೂರುವಷ್ಟು ಸುಧಾರಿಸಿದ್ದ. ಅವನಿಗೆ ಗೊತ್ತಾಗಲಿ ಎಂದು ಎಲ್ಲವನ್ನೂ ಬಿಡಿಸಿ ಹೇಳಿದೆ: ಈ ಮೀಟರು ಬೆರಳಿನೊಳಗೆ ಬೆಳಕು ಹಾಯಿಸಿ ಅಳೆಯುತ್ತದೆ, ಕಪ್ಪು ಚರ್ಮದಲ್ಲಿ ಕೆಲವೊಮ್ಮೆ ಲೆಕ್ಕ ತಪ್ಪುತ್ತದೆ, ಅದನ್ನು ಇನ್ನು ಮೇಲೆ ವರದಿಯ ಮೊದಲಲ್ಲೇ ಬರೆಸುತ್ತೇವೆ.

ಅವನು ತಲೆಯಾಡಿಸುತ್ತಾ ಕೇಳಿಸಿಕೊಂಡ. ಆಮೇಲೆ ತನ್ನ ತೋರುಬೆರಳನ್ನು ಹೊದಿಕೆಗೆ ಚೆನ್ನಾಗಿ ಉಜ್ಜಿ ಒರೆಸಿಕೊಂಡು, ತಿರುಗಿಸಿ ನೋಡಿ, ‘ಮಿಷನ್ ಎಂತ ಮಾಡ್ತದೆ ಮೇಡಂ, ನನ್ನ ಬಣ್ಣವೇ ಹೀಗೆ. ನಿಮಗೆಲ್ಲ ತೊಂದರೆ ಆಯ್ತು. ಸಾರಿ’ ಎಂದ.

‘ನೀನ್ಯಾಕಪ್ಪ ಸಾರಿ ಕೇಳ್ತೀಯ? ಕೇಳ್ಬೇಕಾದವರು ನಾವು!’ ಎಂದು ವಾರ್ಡಿನವರೆಲ್ಲ ತಿರುಗಿ ನೋಡುವಷ್ಟು ಜೋರಾಗಿ ಹೇಳಿಬಿಟ್ಟೆ.

ನನಗೆ ಅವನ ಮೇಲೆ ಸಿಟ್ಟು ಬಂದಿದೆ ಎಂದುಕೊಂಡನೇನೋ. ಬೆರಳನ್ನು ಹೊದಿಕೆಯೊಳಗೆ ಎಳೆದುಕೊಂಡು, ಇನ್ನೊಮ್ಮೆ ಸಾರಿ ಕೇಳಿದ.