ಬೈಕ್ ಹತ್ತದ ದಾಕ್ಷಾಯಿಣಿ

ನಮ್ಮೂರಿನವರು ಭಾರೀ ಒಳ್ಳೆಯವರು. ನನಗೆ ಅವರ ಮೇಲೆ ಸಿಟ್ಟು ಬರುವುದೂ ಅದಕ್ಕೇ. ರಸ್ತೆ ಬದಿಯಲ್ಲಿ ಯಾರಾದರೂ ಬಸ್ಸಿಗೆ ಕಾಯುತ್ತಿದ್ದರೆ ಬೈಕಿನವನು ಸುಮ್ಮನೆ ಹೋಗುವ ಮಾತೇ ಇಲ್ಲ. "ಬರ್ರಿ, ಕುಂದರ್ರಿ" ಅನ್ನಲೇಬೇಕು. ಕರೆದಾಗ ಒಲ್ಲೆ ಅಂದರೆ ಸೊಕ್ಕು. ಬನವಾಸಿ ಕಡೆಯ ನಮ್ಮ ಹಳ್ಳಿಗೆ ಬಂದ ಬಸ್ಸುಗಳೆಲ್ಲ ಖಾಲಿ ಓಡಿ ಓಡಿ ನಿಂತದ್ದು ಹೀಗೆ. ಆ ಪಾಪದಲ್ಲಿ ನನ್ನ ಹಳೆಯ ಸ್ಕೂಟರಿಗೂ ಪಾಲಿದೆ.

ದಾಕ್ಷಾಯಿಣಿ ಪಕ್ಕದ ಮನೆಯ ಸೊಸೆ. ಶಿರಸಿ ಹತ್ತಿರ ಹೊಸದಾಗಿ ಶುರುವಾದ ರೆಡಿಮೇಡ್ ಬಟ್ಟೆ ಕಾರ್ಖಾನೆಯಲ್ಲಿ ಅಂಗಿಗೆ ಕಾಲರ್ ಕೂಡಿಸುತ್ತಾಳೆ. ಮದುವೆಯಾಗಿ ಹದಿಮೂರು ವರ್ಷಕ್ಕೆ ಸಿಕ್ಕ ಮೊದಲ ನೌಕರಿ. ನಾಲ್ಕು ಕಿಲೋಮೀಟರ್ ನಡೆದು ದೊಡ್ಡ ರಸ್ತೆಯ ಬಸ್ಸು ಹಿಡಿಯುತ್ತಿದ್ದಳು. ಗಂಡ ಭರತ್ ಪಂಪ್‌ಸೆಟ್ ರಿಪೇರಿಯವನು. ಇವತ್ತು ಒಂದೂರು, ನಾಳೆ ಇನ್ನೊಂದೂರು. ಅವನ ಬೈಕ್ ನಂಬಿ ನೌಕರಿ ಮಾಡುವಂತಿರಲಿಲ್ಲ. ಮೂರು ಸಲ ತಡವಾದರೆ ಮಿಷನ್ ಬೇರೆಯವರಿಗೆ ಎಂದಿದ್ದರು ಕಾರ್ಖಾನೆಯವರು. ಎರಡು ಆಗಿಹೋಗಿತ್ತು.

ಅರ್ಜಿ ಹಿಡಿದು ಐದು ಸಲ ಡಿಪೋಗೆ ಅಲೆದು ಬೆಳಗಿನ ಬಸ್ಸು ತಂದವಳೂ ಅವಳೇ. ಎರಡು ತಿಂಗಳು ಓಡಿಸಿ ನೋಡುತ್ತೇವೆ, ಜನ ಹತ್ತದಿದ್ದರೆ ನಿಲ್ಲಿಸುತ್ತೇವೆ ಎಂದಿದ್ದರು. ಹೆಂಗಸರಿಗೆ ಟಿಕೆಟ್ ಪುಕ್ಕಟೆ, ಆದರೂ ಹತ್ತುವವರು ಮೂರೋ ನಾಲ್ಕೋ. ಗಡುವು ಮುಗಿಯುವ ಹೊತ್ತಿಗೆ ಕಂಡಕ್ಟರ್ ಶಾಂತಾರಾಮ ಮೆಲ್ಲಗೆ ಹೇಳಿದ: "ಸೋಮವಾರ ಸಾಹೇಬ್ರು ಬರ್ತಾರೆ. ತಲೆ ಎಣಿಸ್ಕೊಂಡು ಹೋಗ್ತಾರೆ."

ಭಾನುವಾರ ದಾಕ್ಷಾಯಿಣಿ ಮನೆಮನೆ ತಿರುಗಿದಳು. "ಒಂದು ದಿನ ಯಾರ ಬೈಕೂ ಹತ್ತಬ್ಯಾಡ್ರಿ" ಎಂದು ಕೈಮುಗಿದಳು. ಹನ್ನೆರಡು ಮಂದಿ ಒಪ್ಪಿದರು. ಕೆರೆ ಏರಿಯ ಹತ್ತಿರದ ಮುದುಕಿ ಅನ್ನಪೂರ್ಣವ್ವನಂತೂ, "ನಿನ್ನ ಬಸ್ಸಿಗೇ ಬರ್ತೀನವ್ವಾ, ಆಣೆ" ಅಂದಳು.

ಸೋಮವಾರ ನಾನೂ ಸ್ಕೂಟರನ್ನು ಮನೆಯಲ್ಲೇ ಬಿಟ್ಟೆ; ಊರಿನ ಮೊದಲ ನಿಲುಗಡೆಯಲ್ಲಿ ದಾಕ್ಷಾಯಿಣಿ, ನಾನು ಇಬ್ಬರೂ ನಿಂತೆವು. ಬಸ್ಸಿನ ಸುಳಿವಿಲ್ಲ. ಕಾಲು ಗಂಟೆಯಾಯಿತು, ಅರ್ಧವಾಯಿತು. ಅವಳು ಮೊಬೈಲಿನಲ್ಲಿ ಹೊತ್ತು ನೋಡುವುದು, ರಸ್ತೆ ನೋಡುವುದು, ಮತ್ತೆ ಮೊಬೈಲು. ಅಷ್ಟರಲ್ಲಿ ಭರತನೇ ಬೈಕ್ ತಂದು ನಿಲ್ಲಿಸಿದ.

"ಶಿರಸಿಗೇ ಹೊಂಟೀನಿ, ಹತ್ತು. ಮೂರನೇ ಸಲ ಲೇಟಾದ್ರ ಕೆಲಸಾನೇ ಹೋಗತೈತಿ."

ಅವಳಿಗೆ ಅಳು ಬರುವುದೊಂದು ಬಾಕಿ. "ಇವತ್ತ ಹತ್ತಿದ್ರ ನಾಳೆ ಬಸ್ಸ ಇರೂದಿಲ್ಲ. ನೀವು ಹೋಗ್ರಿ."

ಅವನು ತಲೆಯಾಡಿಸಿ ಹೋದ.

ಬಸ್ಸು ನಲವತ್ತು ನಿಮಿಷ ತಡವಾಗಿ ಬಂತು. ಮುಂದಿನ ಸೀಟಿನಲ್ಲಿ ಹಾಳೆ ಹಿಡಿದ ಸಾಹೇಬರು. ನಾವು ಹತ್ತಿದೆವು, ಎರಡು ತಲೆ. ಶಾಲೆಯ ನಿಲುಗಡೆ ಖಾಲಿ. ಕೆರೆ ಏರಿಯಲ್ಲೂ ಯಾರಿಲ್ಲ. ಅಷ್ಟು ಹೊತ್ತು ಜನ ರಸ್ತೆಯಲ್ಲಿ ನಿಂತಿದ್ದರೆ ನಮ್ಮೂರ ಬೈಕಿನವರು ಬಿಟ್ಟಾರೆಯೇ? ದಾಕ್ಷಾಯಿಣಿ ಸೀಟಿನ ಕಂಬಿಯನ್ನು ಗಟ್ಟಿಯಾಗಿ ಹಿಡಿದಿದ್ದಳು.

ಊರು ದಾಟಿದ ಮೇಲೆ ಬಸ್ಸು ಒಂದು ಬೈಕನ್ನು ಹಿಂದೆ ಹಾಕಿತು. ಮೆಲ್ಲಗೆ ಹೊರಟಿದ್ದ ಭರತನ ಬೈಕು. ಹಿಂದೆ ಅನ್ನಪೂರ್ಣವ್ವ, ಮಡಿಲಲ್ಲಿ ಚೀಲ. ಕಿಟಕಿಯಲ್ಲಿ ನಮ್ಮನ್ನು ಕಂಡು ಅವಳ ಮುಖ ಅರಳಿತು.

"ಏ ದಾಕ್ಷಾಯಿಣಿ, ನಿನ್ನ ಗಂಡ ಭಾಳ ಒಳ್ಳೇಂವ! ಮುದುಕಿ ನಿಂತಾಳಂತ ಬಿಟ್ಟು ಹೋಗಲಿಲ್ಲ ನೋಡು!"

ಸಾಹೇಬರು ಹಾಳೆಯ ಮೇಲೆ ಏನೋ ಗೀಚಿ ಪೆನ್ನು ಜೇಬಿಗೆ ಸಿಕ್ಕಿಸಿದರು. ದಾಕ್ಷಾಯಿಣಿ ನನ್ನ ಕಡೆ ತಿರುಗಿದಳು. ಕಣ್ಣು ತುಂಬಿತ್ತು.

"ಕಾಕಾ, ಈಗ ನಾ ಯಾರ ಮ್ಯಾಲ ಸಿಟ್ಟಾಗಲಿ?"