ಬೂದಿ ಹತ್ತಿದ ಬೆರಳು

ಮಗ್ಗ ನಿಂತು ಹೋದ ಮೇಲೂ ನಮ್ಮ ಮನೆಯ ಮಗ್ಗದ ಕೋಣೆಯಲ್ಲಿ ಯಾರೋ ಓದುತ್ತಿರುತ್ತಾರೆ. ಮಧ್ಯಾಹ್ನದ ಊಟವಾಗಿ ಬೀದಿಯ ಸದ್ದು ಅಡಗಿದಾಗ ಕೇಳಿಸುತ್ತದೆ. ಹೆಣ್ಣುಮಗುವಿನ ದನಿ, ಬಾಯಿಪಾಠ ಮಾಡುವಾಗಿನ ರಾಗ. ಎದ್ದು ಹೋಗಿ ನೋಡಿದರೆ ನೇಯುವಾಗ ಕಾಲು ಇಳಿಬಿಡುವ ಗುಂಡಿಯ ಮೇಲೆ ಹಲಗೆ ಮುಚ್ಚಿದೆ, ಗೋಡೆಗೆ ಒರಗಿಸಿದ ರಾಟೆ ಇದೆ, ಇನ್ನೇನೂ ಇಲ್ಲ. ಅದು ಮಗಳ ದನಿಯೋ ಮೊಮ್ಮಗಳದೋ ಎಂದು ಬಹಳ ಕಾಲ ತಿಳಿಯಲಿಲ್ಲ.

ನಾವು ಕೊಳ್ಳೇಗಾಲದಲ್ಲಿ ರೇಷ್ಮೆ ಸೀರೆ ನೇಯುವವರು. ಮಗಳನ್ನು ಯಳಂದೂರಿಗೆ ಕೊಟ್ಟಿದ್ದೇನೆ. ಅವಳ ಮಗಳು ಇಲ್ಲಿ ಡಿಗ್ರಿಗೆ ಸೇರಿದಾಗ, "ದಿನಾ ಬಸ್ಸಲ್ಲಿ ಯಾಕ ಸಾಯ್ಬೇಕು, ಕೂಸು ನಮ್ಮನಲೇ ಇರ್ಲಿ" ಎಂದವನು ನಾನೇ. ತಾತನಿಗೆ ಎಷ್ಟು ಅಕ್ಕರೆ ಎಂದು ಬೀಗರೂ ಹೊಗಳಿದರು. ಅಕ್ಕರೆ ಇರಲಿಲ್ಲವೆಂದಲ್ಲ. ಆದರೆ ಹೆಂಡತಿ ತೀರಿಕೊಂಡ ಮೇಲೆ ನನಗೆ ಬೇಕಾಗಿದ್ದದ್ದು ಒಂದು ಜೊತೆ ಎಳೆಯ ಕಣ್ಣು, ಸಣ್ಣ ಬೆರಳು. ಇದನ್ನು ಯಾರಿಗೂ ಹೇಳಿರಲಿಲ್ಲ.

ಮಗ್ಗಕ್ಕೆ ಉದ್ದಕ್ಕೆ ಬಿಗಿದ ನೂಲು, ಅಂದರೆ ಹಾಸು, ಮುಗಿಯುತ್ತಾ ಬಂದಾಗ ಅದರ ಒಂದೊಂದು ಎಳೆಗೂ ಹೊಸ ಹಾಸಿನ ಒಂದೊಂದು ಎಳೆಯನ್ನು ಹೊಸೆದು ಕೂಡಿಸಬೇಕು. ಜಾರದಿರಲೆಂದು ಬೆರಳಿಗೆ ಬೂದಿ ಹಚ್ಚಿಕೊಳ್ಳುತ್ತೇವೆ. ಸಾವಿರಾರು ಎಳೆ. ಒಬ್ಬೊಬ್ಬರ ಹೊಸೆತ ಒಂದೊಂದು ಥರ, ಆದ್ದರಿಂದ ಕೈಯಿಟ್ಟವರೇ ಮುಗಿಸಬೇಕು, ನಡುವೆ ಕೈ ಬದಲಿಸಬಾರದು ಎಂಬುದು ನಮ್ಮ ಮನೆಯ ಪದ್ಧತಿ. ಆ ಕೆಲಸಕ್ಕೆಂದೇ ಕೂಲಿಯವರು ಸಿಗುತ್ತಾರೆ. ಮೊದಲ ವರ್ಷದ ಪರೀಕ್ಷೆಯ ಹಿಂದಿನ ದಿನ ಹಾಸು ಮುಗಿಯಿತು. ಕೂಲಿಯವನು ಬೇರೊಂದು ಮನೆಯಲ್ಲಿದ್ದ. ಎರಡು ದಿನ ಕಾಯಬಹುದಿತ್ತು. ನಾನು ಮೊಮ್ಮಗಳನ್ನು ಕರೆದೆ.

"ತಾತ, ನಾಳ ಪರೀಕ್ಷ ಅದ. ಇನ್ನೂ ಓದದು ಬೇಜಾನ್ ಅದ."

"ಓದ್ಕ, ಯಾರ್ ಬ್ಯಾಡ ಅಂದರು? ಬೆರಳು ಅದರ ಪಾಡಿಗ ಕೆಲ್ಸ ಮಾಡ್ಲಿ, ಬಾಯಿ ಅದರ ಪಾಡಿಗ ಓದ್ಲಿ. ಎಳನೂ ಗಂಟಾಯ್ತದ, ಪಾಠನೂ ಗಂಟಾಯ್ತದ."

"ಪಾಠನ ಗಂಟಾಕ್ಬುಟ್ರ ನಾಳ ಬಿಚ್ಚೋರ್ ಯಾರು ತಾತ?" ಎಂದು ನಗುತ್ತಲೇ ಕೂತಳು. ಸ್ವಲ್ಪ ಹೊತ್ತು ಗಟ್ಟಿಯಾಗಿ ಓದಿದಳು. ನಾನು ಪಕ್ಕದಲ್ಲಿ ಎಳೆ ಎಣಿಸಿಕೊಡುತ್ತಿದ್ದೆ. "ಮೆಲ್ಲಗ ಓದು ಕೂಸೇ, ಲೆಕ್ಕ ತಪ್ಪೋಯ್ತದ" ಎಂದೆ. ಆಮೇಲೆ ಓದು ನಿಂತಿತು. ಬೆಳಿಗ್ಗೆ ಉಳಿದದ್ದನ್ನು ಮುಗಿಸಿ, ಬೂದಿ ಪೂರ್ತಿ ತೊಳೆಯದ ಬೆರಳಲ್ಲೇ ಪೆನ್ನು ತೆಗೆದುಕೊಂಡು ಓಡಿದಳು.

ಆ ದಿನ ಬರೆದ ಎರಡು ವಿಷಯ ಹೋದವು, ಉಳಿದವು ಹೇಗೋ ಪಾಸು. ಮಗಳು ಯಳಂದೂರಿನಿಂದ ಬಂದು ಜಗುಲಿಯ ಮೇಲೆ ಕೂತಳು.

"ನನ್ ತಲನೇ ಬಂದದ ಬುಡಪ್ಪ ಅವಳ್ಗೂ. ಅನೂರ್ ಕಡಿಂದ ಒಂದ್ ಗಂಡು ಕೇಳ್ತಾವ್ರ. ಏನಂತೀಯೆ?"

ಹನೂರು ಕಾಡಂಚಿನ ಊರು. ನಾನು ಎಲೆಗೆ ಸುಣ್ಣ ಹಚ್ಚುತ್ತಾ, "ನೋಡವ್ವ" ಎಂದೆ. ಅಷ್ಟೇ ಎಂದೆ.

ಒಳಗಿದ್ದ ಮೊಮ್ಮಗಳು ಹೊರಗೆ ಬಂದಳು. "ಇನ್ನೊಂದ್ ವರ್ಷ ನಮ್ಮೂರಿಂದ್ಲೇ ಬಸ್ಸಲ್ಲಿ ಓಡಾಡ್ತೀನಿ ಕನವ್ವ. ಆಗ್ಲೂ ಪಾಸಾಗದಿದ್ರ ಅನೂರ್ಗಾದ್ರೂ ಕೊಡು, ಕಾಡ್ಗಾದ್ರೂ ಕೊಡು." ನನ್ನ ಕಡೆ ನೋಡಲಿಲ್ಲ. ನನ್ನ ಮೇಲೆ ಒಂದು ಮಾತೂ ಹೇಳಲಿಲ್ಲ.

ಅವಳು ಹೋದ ಮೇಲೆ ಎಳೆ ಕೂಡಿಸಲು ಕೂಲಿಯವನನ್ನೇ ಕರೆಸಿದೆ. ಒಂದೆರಡು ದಿನ ತಡವಾಗುತ್ತಿತ್ತು, ಅಷ್ಟೇ. ಸೀರೆಗೇನೂ ಕುಂದು ಬರಲಿಲ್ಲ.

ಅವಳು ಬಸ್ಸಿನಲ್ಲಿ ನಿಂತೇ ಬಂದು ನಿಂತೇ ಹೋದಳು. ಎರಡನೇ ವರ್ಷ ಹಳೆಯ ಎರಡನ್ನೂ ಮುಗಿಸಿಕೊಂಡು ಸೆಕೆಂಡ್ ಕ್ಲಾಸಿಗೆ ಏರಿದಳು. ಪ್ರತಿ ಸಲ ಫಲಿತಾಂಶ ಬಂದಾಗ ಮಗಳು ಫೋನು ಮಾಡಿ ಹಿಗ್ಗುತ್ತಿದ್ದಳು. ನಾನು ಸಂತೋಷವೆಂದು ಹೇಳಿ ಫೋನು ಇಡುತ್ತಿದ್ದೆ. ಹೆಚ್ಚಿದ ಒಂದೊಂದು ಅಂಕವೂ ನನ್ನ ಕಡೆ ಬೆರಳು ಮಾಡುತ್ತಿತ್ತು. ಕಣ್ಣು ಮಂಜಾಗಿ ಮಗ್ಗ ನಿಲ್ಲಿಸಿದೆ. ಓದುವ ದನಿ ಕೇಳಿಸತೊಡಗಿದ್ದು ಆಗಿನಿಂದ.

ಕೊನೆಯ ವರ್ಷ ಫಸ್ಟ್ ಕ್ಲಾಸು. ಮಗಳು ಒಬ್ಬಳೇ ಸಿಹಿ ಹಿಡಿದು ಬಂದಳು. ಡಬ್ಬ ಬಿಚ್ಚುತ್ತಾ ನಕ್ಕಳು: "ಯಾರ್ ತಲ ಬಂದದೋ ಕನಪ್ಪ ಇವಳ್ಗ! ನಂದಂತೂ ಅಲ್ಲ."

ಸಿಹಿ ನನ್ನ ಕೈಯಲ್ಲೇ ಉಳಿಯಿತು. "ನಿಂದೇ ಕನವ್ವ" ಎಂದೆ.

"ನನ್ ತಲೆಯ? ಎಸ್ಸೆಸ್ಸೆಲ್ಸಿ ಡುಮ್ಕಿ ಹೊಡ್ದ ತಲೆಯ?"

ಆಗ ಹೇಳಿದೆ. ಅವಳ ಗಣಿತ ಪರೀಕ್ಷೆಯ ಹಿಂದಿನ ದಿನವೂ ನಮ್ಮ ಹಾಸು ಮುಗಿದಿತ್ತು, ಅವಳನ್ನೂ ಎಳೆ ಕೂಡಿಸಲು ಕೂರಿಸಿ ಮೆಲ್ಲಗೆ ಓದು ಎಂದಿದ್ದೆ. ಅದು ಅವಳಿಗೂ ಗೊತ್ತು. ನೇಯುವ ಮನೆಯಲ್ಲಿ ಎಳೆ ಕೂಡಿಸುವುದನ್ನು ಯಾರೂ ಕಾರಣವೆಂದು ಎಣಿಸುತ್ತಿರಲಿಲ್ಲ. ಅವಳಿಗೆ ಗೊತ್ತಿಲ್ಲದ್ದು ಬೇರೆ ಇತ್ತು. ಫಲಿತಾಂಶ ಬಂದ ವಾರ ಅವಳ ಮೇಷ್ಟರು ಮನೆಗೆ ಬಂದಿದ್ದರು. "ಹುಡುಗಿ ಚುರುಕಾಗಿದ್ದಾಳೆ ಕಣ್ರಿ. ಒಂದೇ ವಿಷಯ ಹೋಗಿರೋದು, ಇನ್ನೊಂದ್ಸಲ ಕಟ್ಸಿ" ಎಂದಿದ್ದರು. "ಆಯ್ತು ಸಾ" ಎಂದು ಕಳಿಸಿ, ನೀರು ತರಲು ಹೋಗಿದ್ದ ಅವಳು ಬಂದಾಗ, "ಮೇಷ್ಟ್ರೇ ಕೈ ಬುಟ್ರು ಕನವ್ವ, ಓದು ನಿನ್ ತಲಗ ಅತ್ತಲ್ವಂತ" ಎಂದಿದ್ದೆ. ಮಗ್ಗಕ್ಕೆ ಅವಳ ಬೆರಳು ಬೇಕಿತ್ತು. ನಾನೂ ಎಸ್ಸೆಸ್ಸೆಲ್ಸಿ ಪಾಸಾದವನು. ಪರೀಕ್ಷೆ ಎಂದರೇನೆಂದು ತಿಳಿಯದವನಲ್ಲ.

ಮಗಳ ಹೆಬ್ಬೆರಳು ತೋರುಬೆರಳಿನ ಮೇಲೆ ತಾನಾಗಿ ಹೊಸೆಯುತ್ತಿತ್ತು, ನಡುವೆ ಎಳೆ ಇದೆಯೇನೋ ಎಂಬಂತೆ.

"ಆ ಮೇಷ್ಟ್ರು ಬದುಕವ್ರ?"

"ಇಲ್ಲ."

"ಯಳಂದೂರಲ್ಲಿ ನಮ್ ಮನಲಿ ಎಲ್ರೂ ನನ್ನ ದಡ್ಡಿ ಅಂತಾರ ಕನಪ್ಪ. ನಾನೂ ನಗ್ತೀನಿ ಅವ್ರ ಜೊತ." ಸೆರಗು ಸರಿಮಾಡಿಕೊಂಡು ಎದ್ದಳು. "ಬಸ್ ಒಂಟೋಯ್ತದ, ಬತ್ತೀನಿ." ಡಬ್ಬ ಅಲ್ಲೇ ಬಿಟ್ಟಳು.

ಆಮೇಲೆ ಮೊಮ್ಮಗಳು ಬಂದಿದ್ದಾಳೆ, ಮಗಳು ಬಂದಿಲ್ಲ. ಕೋಣೆಯ ದನಿ ಯಾರದೆಂದು ಈಗ ನನಗೆ ಸಂಶಯವಿಲ್ಲ. ಹತ್ತನೇ ತರಗತಿಯ ಹುಡುಗಿ, ಮೆಲ್ಲಗೆ ಓದು ಎಂದು ಹೇಳಿಸಿಕೊಂಡು ತಗ್ಗಿದ ದನಿ. ಬಾಗಿಲಲ್ಲಿ ನಿಂತು, ಗಟ್ಟಿಯಾಗಿ ಓದವ್ವ ಎನ್ನುತ್ತೇನೆ. ಹಾಗೆಂದ ಕೂಡಲೇ ಅದು ನಿಂತುಬಿಡುತ್ತದೆ.