ಬಲಗೆನ್ನೆಯ ಎಡವಟ್ಟು

"ನೀನೇ ನೋಡಿ ಹೇಳೇ, ಸುಟ್ಟಿರೋದು ಯಾವ ಕೆನ್ನೆ? ಬಲಗಡೇದು ತಾನೆ? ನಾನೂ ಅದನ್ನೇ ಅಲ್ವಾ ಹೇಳ್ತಿರೋದು. ಒಂದು ವರ್ಷದಿಂದ ಈ ಕೆನ್ನೆ ಹೊತ್ಕೊಂಡು ಓಡಾಡ್ತಿದ್ದೀನಿ, ನಂಗೆ ಗೊತ್ತಿರಲ್ವಾ? ಆದ್ರೆ ಆಸ್ಪತ್ರೇಲಿರೋ ಆ ಪ್ರಶ್ನೆಯಮ್ಮ ಮನುಷ್ಯನ ಚಿತ್ರ ಇರೋ ಒಂದು ಹಾಳೆ ಮುಂದಿಟ್ಟು, ಕೆಂಪು ಪೆನ್ಸಿಲ್ಲು ಕೈಗೆ ಕೊಟ್ಟು, ಎಲ್ಲಿ ಸುಟ್ಟಿದೆಯೋ ಅಲ್ಲಿ ಬಣ್ಣ ಹಚ್ಚಿ ಅಣ್ಣ ಅಂತಾಳೆ. ಹಚ್ತೀನಿ. ಅವಳ ಮುಖ ಸಪ್ಪಗಾಗುತ್ತೆ. ಮೂರು ಸಲ ಹೋಗಿದ್ದೀನಿ, ಮೂರು ಸಲಾನೂ ಹೀಗೇ ಆಯ್ತು. ಇವತ್ತು ಕೇಳೇಬಿಟ್ಟೆ, ಯಾಕಮ್ಮಾ, ಏನು ತಪ್ಪಾಯ್ತು ಅಂತ. ನಾನು ಹೇಳಿಕೊಡೋ ಹಾಗಿಲ್ಲ ಅಣ್ಣ ಅಂದ್ಳು. ನಾನು ಸ್ಕೂಲು ಬಿಟ್ಟಿದ್ದೇ ಈ ಮಾತು ಕೇಳಲಾರದೆ. ಆಮೇಲೆ, ಸುಟ್ಟ ಕೆನ್ನೇನ ಮುಟ್ಟಿ ತೋರಿಸಿ ಅಂದ್ಳು. ಮುಟ್ಟಿದೆ. ಮುಟ್ಟಿದ್ದು ಇದನ್ನ ಕಣೇ, ಈ ಎಡಗೆನ್ನೇನ. ಯಾಕೆ ಮುಟ್ಟಿದೆ? ಅದೇ ನಂಗೂ ತಿಳೀತಿಲ್ಲ."

ಹೆಂಡತಿ ಹಿತ್ತಲ ಕಟ್ಟೆಯ ಮೇಲೆ ಕೂತು ಅವನ ಬಿಗಿ ಅಂಗಿಯನ್ನು ಸೋಪಿನ ನೀರಿನಲ್ಲಿ ಮೆಲ್ಲಗೆ ಹಿಸುಕುತ್ತಿದ್ದಳು. ಕುತ್ತಿಗೆಯಿಂದ ಬಲ ಮಣಿಕಟ್ಟಿನವರೆಗೆ ಹಾವಿನ ಪೊರೆಯಂತೆ ಅಂಟಿಕೊಳ್ಳುವ ಅಂಗಿ ಅದು. ಗಾಯದ ಕಲೆ ಉಬ್ಬಿ ಗಂಟಾಗದಿರಲಿ ಎಂದು ಸ್ನಾನದ ಹೊತ್ತು ಬಿಟ್ಟರೆ ಮೈಮೇಲೆ ಇರಲೇಬೇಕು. ಹಾಗಾಗಿ ಎರಡು ಅಂಗಿ: ಒಂದು ಮೈಮೇಲೆ, ಒಂದು ನೀರಿನಲ್ಲಿ. ಹಿಂಡಬಾರದು, ಬಿಸಿಲಿಗೆ ಹಾಕಬಾರದು.

"ಬಲಗೈ ಮೊಣಕೈ ಇನ್ನೂ ಸಲೀಸಾಗಿ ಮಡಚಲ್ಲ ನಿಮ್ಗೆ. ಅದಕ್ಕೇ ಎಡಗೈ ಎತ್ತಿರ್ತೀರಿ, ಅದು ಹತ್ತಿರದ ಕೆನ್ನೆಗೆ ಹೋಗಿರುತ್ತೆ," ಎಂದಳು.

"ಎಡಗೈಗೆ ಬಲಗೆನ್ನೆ ಅಷ್ಟು ದೂರಾನಾ?"

ಅವಳು ಅಂಗಿಯನ್ನು ನೆರಳಿನ ತಂತಿಗೆ ಹರವಿ ಒಳಗೆ ಹೋದಳು.

ಅವನನ್ನು ಬೀದಿಯಲ್ಲಿ ಎಲ್ಲರೂ 'ಅಲುಗಾಡಬೇಡಿ' ಎಂದೇ ಕರೆಯುತ್ತಿದ್ದರು. ಮೂವತ್ತು ವರ್ಷ ಕಟಿಂಗ್ ಅಂಗಡಿ ನಡೆಸಿ, ದಿನಕ್ಕೆ ನೂರು ಸಲ ಆ ಒಂದು ಮಾತು ಹೇಳಿ ಹೇಳಿ, ಅಪ್ಪ ಅಮ್ಮ ಇಟ್ಟ ಹೆಸರು ಮೂಲೆಗೆ ಬಿದ್ದಿತ್ತು. ಅಂಗಡಿ ಉದ್ದಕ್ಕೆ ರೈಲು ಡಬ್ಬಿಯಂತಿತ್ತು. ಎರಡು ಕುರ್ಚಿ, ಗೋಡೆಯ ಉದ್ದಕ್ಕೂ ಒಂದೇ ದೊಡ್ಡ ಕನ್ನಡಿ, ಕಾಯುವವರಿಗೆ ಒಂದು ಬೆಂಚು, ಹಿಂದೆ ಪರದೆಯಾಚೆ ನೀರು ಕಾಯಿಸುವ ಗ್ಯಾಸ್ ಒಲೆ. ಆ ಒಲೆಯ ಪಕ್ಕದಲ್ಲೇ ಶೇವಿಂಗ್ ಆದಮೇಲೆ ಹಚ್ಚುವ ಸ್ಪಿರಿಟ್ಟಿನ ಕ್ಯಾನು ಇಡುತ್ತಿದ್ದ. ಅದು ಯಾವಾಗ ವಾಲಿತೋ, ಎಷ್ಟು ಚೆಲ್ಲಿತ್ತೋ ನೋಡಲಿಲ್ಲ. ಬಗ್ಗಿ ಕಡ್ಡಿ ಗೀರಿದ. ಆಮೇಲಿನದು ಅವನಿಗೆ ನೆನಪಿರುವುದು ಇಷ್ಟೇ: ಎರಡನೇ ಕುರ್ಚಿಯಲ್ಲಿ ಕೆಲಸ ಮಾಡುತ್ತಿದ್ದ ಭಾಮೈದ ಒದ್ದೆ ಟವೆಲ್ಲುಗಳ ರಾಶಿಯನ್ನೇ ಎತ್ತಿ ಇವನ ಮೇಲೆ ಎಸೆದದ್ದು, ಕುರ್ಚಿಯಲ್ಲಿದ್ದ ಗಿರಾಕಿ ಅರ್ಧ ನೊರೆ ಮುಖದಲ್ಲೇ ಬೀದಿಗೆ ಓಡಿದ್ದು.

ಆಸ್ಪತ್ರೆಯಲ್ಲಿ ತಿಂಗಳುಗಟ್ಟಲೆ ಇದ್ದ. ತೊಡೆಯಿಂದ ತೆಳ್ಳಗೆ ಚರ್ಮ ಸವರಿ ತೆಗೆದು ಕೆನ್ನೆಗೆ, ಕುತ್ತಿಗೆಗೆ, ತೋಳಿಗೆ ಹೊದಿಸಿದರು. ಗಾಯ ಒಣಗಿತು, ನವೆ ಶುರುವಾಯಿತು. ಕೆನ್ನೆಯಲ್ಲಿ ತಿಂದಂತಾಗಿ ತುರಿಸಿದರೆ ಏನೂ ಗೊತ್ತಾಗುತ್ತಿರಲಿಲ್ಲ. ತೊಡೆ ತುರಿಸಿಕೊಂಡರೆ ಹಾಯೆನಿಸುತ್ತಿತ್ತು. "ಈ ಚರ್ಮಕ್ಕೆ ಇನ್ನೂ ತವರಿನ ಚಿಂತೆ ಬಿಟ್ಟಿಲ್ಲ," ಎಂದು ಡ್ರೆಸ್ಸಿಂಗ್ ಮಾಡುವ ನರ್ಸಮ್ಮನ ಹತ್ತಿರ ಹೇಳಿ ನಗಿಸಿದ್ದ. ಬಲಗೆನ್ನೆಯಲ್ಲಿ ಗಡ್ಡ ಬರಲಿಲ್ಲ. ಅರ್ಧ ಬ್ಲೇಡಿನಲ್ಲಿ ಶೇವಿಂಗ್ ಮುಗಿಯುತ್ತದೆ ಎಂದು ಅದಕ್ಕೂ ಒಂದು ತಮಾಷೆ ಕಟ್ಟಿದ್ದ. ಈ ತಮಾಷೆಗಳೆಲ್ಲ ಆಸ್ಪತ್ರೆಯ ಗೇಟಿನೊಳಗೆ ಚೆನ್ನಾಗಿ ನಡೆದವು. ಗೇಟಿನಾಚೆ ಬಸ್ಸಿನಲ್ಲಿ ಯಾರೋ ಒಬ್ಬಳು ಇವನ ಕೆನ್ನೆ ಕಂಡು ಮಗುವಿನ ಕಣ್ಣಿಗೆ ಕೈ ಅಡ್ಡ ಹಿಡಿದ ದಿನ ಒಂದೂ ಬಾಯಿಗೆ ಬರಲಿಲ್ಲ.

ಪ್ರಶ್ನೆಯಮ್ಮ ಅವನ ಬದುಕಿಗೆ ಬಂದದ್ದು ಆಗಲೇ. ಓದಿದ ಹುಡುಗಿ, ಕನ್ನಡಕ, ಹೆಗಲಿಗೆ ದೊಡ್ಡ ಚೀಲ. ಸುಟ್ಟ ಗಾಯದವರು ಹೊರಗೆ ಹೇಗೆ ವಾಸಿಯಾಗುತ್ತಾರೆ, ಒಳಗೆ ಹೇಗೆ ವಾಸಿಯಾಗುತ್ತಾರೆ ಎಂದು ಎರಡು ವರ್ಷ ಕೇಳಿ ಕೇಳಿ ಬರೆದುಕೊಳ್ಳುವ ಸಂಶೋಧನೆ ಅವಳದು. ಮೂರು ತಿಂಗಳಿಗೊಮ್ಮೆ ಅವನನ್ನು ಕೂರಿಸಿಕೊಂಡು ಕೇಳುತ್ತಿದ್ದಳು. ನಿದ್ದೆ ಹೇಗಿದೆ, ನವೆ ಹತ್ತರಲ್ಲಿ ಎಷ್ಟು, ಜನ ನೋಡಿದರೆ ಏನನ್ನಿಸುತ್ತದೆ. ಒಮ್ಮೆ "ಕನ್ನಡಿ ನೋಡ್ಕೊಳ್ತೀರಾ ಅಣ್ಣ?" ಎಂದು ಕೇಳಿದ್ದಳು. "ಅದೇ ನನ್ನ ಕಸುಬಲ್ವಾ ತಾಯಿ, ಬೆಳಗಿಂದ ಸಂಜೆವರೆಗೂ ನೋಡ್ತಿದ್ದೆ," ಎಂದಿದ್ದ. ಅವಳು ಸಂತೋಷದಿಂದ ಗುರುತು ಹಾಕಿಕೊಂಡಳು. ಮೂವತ್ತು ವರ್ಷ ಆ ಕನ್ನಡಿಯಲ್ಲಿ ನೋಡಿದ್ದು ಗಿರಾಕಿಗಳ ಮುಖವನ್ನೇ ಹೊರತು ತನ್ನದನ್ನಲ್ಲ ಎಂಬುದು ಬಸ್ಸು ಹತ್ತಿದ ಮೇಲೆ ಹೊಳೆಯಿತು. ಆಗಲೇ ಗುರುತು ಬಿದ್ದಾಗಿತ್ತು.

ಈಗಿನ ತೊಡಕು ಬೇರೆ. ಮತ್ತೆ ಕತ್ತಿ ಹಿಡಿಯಬಹುದೆಂದು ಡಾಕ್ಟರು ಒಂದು ಚೀಟಿ ಕೊಡಬೇಕಿತ್ತು. ಚೀಟಿ ಬೇಕೆಂದವನು ಭಾಮೈದ. ಒಂದು ವರ್ಷ ಅಂಗಡಿಯನ್ನು ಒಂಟಿಯಾಗಿ ಎಳೆದವನು ಅವನೇ. "ನಂಗೇನು ಅನುಮಾನ ಇಲ್ಲ ಭಾವ. ಗಿರಾಕಿಗಳು ಕೇಳ್ತಾರೆ, ಕೈ ನಡುಗಲ್ವಾ ಅಂತ. ಚೀಟಿ ಗೋಡೆಗೆ ಅಂಟಿಸಿಬಿಟ್ರೆ ಅವರ ಬಾಯಿ ಮುಚ್ಚುತ್ತೆ," ಎಂದಿದ್ದ. ಕೈ ನಡುಗುತ್ತಿರಲಿಲ್ಲ. ಬೆರಳುಗಳಿಗೆ ಬೆಂಕಿ ಮುಟ್ಟಿರಲೇ ಇಲ್ಲ. ಡಾಕ್ಟರೂ ಸರಿ ಎಂದವರು, ಪ್ರಶ್ನೆಯಮ್ಮನ ಹಾಳೆ ನೋಡಿ ಪೆನ್ನು ಕೆಳಗಿಟ್ಟರು. ಯಾವ ಕೆನ್ನೆ ಸುಟ್ಟಿದೆ ಎಂದೇ ತಿಳಿಯದವನ ಕೈಗೆ ಇನ್ನೊಬ್ಬರ ಕೆನ್ನೆ ಹೇಗೆ ಕೊಡುವುದು? ಮನಸ್ಸಿನ ಡಾಕ್ಟರು ಒಮ್ಮೆ ನೋಡಲಿ ಎಂದರು.

ಅವನಿಗೆ ತಲೆ ಗಿರ್ರೆಂದಿತು. ಹಾಳೆಯಲ್ಲಿ ಇಬ್ಬರು ಬೋಳು ಮನುಷ್ಯರಿದ್ದರು, ಒಬ್ಬ ಎದುರಿಗೆ ಮುಖ ಮಾಡಿದವನು, ಒಬ್ಬ ಬೆನ್ನು ಮಾಡಿದವನು. "ಮುಂದಿನವನಿಗೆ ಎಡಕ್ಕೆ ಹಚ್ಚಿದ್ದೀರಿ, ಹಿಂದಿನವನಿಗೆ ಬಲಕ್ಕೆ ಹಚ್ಚಿದ್ದೀರಿ," ಎಂದು ಮನಸ್ಸಿನ ಡಾಕ್ಟರ ಸರದಿ ಬರೆದುಕೊಳ್ಳುವಾಗ ಆಸ್ಪತ್ರೆಯ ಗುಮಾಸ್ತ ಹೇಳಿದ್ದ. ಎರಡೂ ಕಡೆ ಬಲಕ್ಕೇ ಹಚ್ಚಿದ್ದೆನಲ್ಲ? ಇಲ್ಲವೋ? ಮನೆಗೆ ಬಂದು ಅನ್ನ ಕಲಸುವಾಗ ಇದು ಬಲಗೈ ಹೌದೋ ಅಲ್ಲವೋ ಎಂದು ಒಂದು ಗಳಿಗೆ ನೋಡಿಕೊಂಡ. ಚಪ್ಪಲಿ ಮೆಟ್ಟುವಾಗ ಎರಡು ಸಲ ನೋಡಿದ.

ಮನಸ್ಸಿನ ಡಾಕ್ಟರ ಸರದಿ ಬರಲು ಇನ್ನೂ ಎರಡು ವಾರವಿತ್ತು. ಅಷ್ಟರಲ್ಲಿ ಪ್ರಶ್ನೆಯಮ್ಮ ತಾನೇ ಅಂಗಡಿಗೆ ಬಂದಳು. ವರ್ಷ ತುಂಬಿದವರನ್ನು ಅವರು ಕೆಲಸ ಮಾಡುವ ಜಾಗದಲ್ಲೇ ನೋಡುವುದು ಸಂಶೋಧನೆಯ ಒಂದು ಭಾಗವಂತೆ. ಅಂದು ವಾರದ ರಜೆ. ಭಾಮೈದ ಬೆಂಚನ್ನು ಬೀದಿಗೆ ಹಾಕಿ ನೆಲ ತೊಳೆಯುತ್ತಿದ್ದ.

"ಕೂರಕ್ಕೆ ಕಟಿಂಗ್ ಕುರ್ಚಿ ಮಾತ್ರ ಇರೋದು ಮೇಡಂ, ಅದರಲ್ಲಿ ಕೂತ್ರೆ ನಮ್ಮ ಭಾವ ಬಟ್ಟೆ ಹೊದಿಸಿಬಿಡ್ತಾರೆ, ಹುಷಾರು," ಎಂದ.

ಅವಳು ನಗುತ್ತಾ ಕಟಿಂಗ್ ಕುರ್ಚಿಯಲ್ಲೇ ಕೂತಳು. ಚೀಲದಿಂದ ಹಳೆಯ ಹಾಳೆ ತೆಗೆದು ಮುಂದಿನ ಕಟ್ಟೆಯ ಮೇಲೆ, ಬಾಚಣಿಗೆ ಡಬ್ಬಿಗೆ ಒರಗಿಸಿ ನಿಲ್ಲಿಸಿದಳು. ಅಲುಗಾಡಬೇಡಿ ಅಭ್ಯಾಸಬಲದಿಂದ ಅವಳ ಬೆನ್ನ ಹಿಂದೆ ಹೋಗಿ ನಿಂತ.

"ಈಗ ಹೇಳಿ ಅಣ್ಣ, ಇದರಲ್ಲಿ ಬಲಗೆನ್ನೆ ಯಾವುದು?"

"ಇದು," ಎಂದು ಎಡಗೈ ಚಾಚಿ ಕೆಂಪು ಹಚ್ಚಿದ ಕಡೆ ಬೆರಳಿಟ್ಟ. "ಅವನು ಕೂತಿದ್ದಾನೆ, ನಾನು ಹಿಂದೆ ನಿಂತಿದ್ದೀನಿ. ಇದು ಬಲ. ಇನ್ಯಾವುದು ತಾಯಿ?"

"ಅವನು ನಿಮ್ಮ ಕಡೆ ತಿರುಗಿ ನಿಂತಿದ್ದಾನಲ್ಲ ಅಣ್ಣ?"

"ನನ್ನ ಕಡೆ ತಿರುಗಿರೋ ಮುಖ ಅಂದ್ರೆ ಕನ್ನಡೀಲಿರೋ ಮುಖ. ಗಿರಾಕಿ ಮುಖ ನೇರ ನೋಡಬೇಡ, ಕನ್ನಡೀಲಿ ನೋಡಿ ಕತ್ತರಿ ಆಡಿಸು ಅಂತ ನಮ್ಮಪ್ಪ ತಲೆ ಮೇಲೆ ಮೊಟಕಿ ಕಲಿಸಿದ್ದು. ಅಲ್ಲಿ ಬಲ ಬಲಕ್ಕೇ ಇರುತ್ತೆ."

ಅವಳು ತನ್ನ ಬಲಗೈ ಎತ್ತಿದಳು. ಕನ್ನಡಿಯೊಳಗಿನವಳ ಕೈ ಅದೇ ಕಡೆ ಎದ್ದಿತು. ಆಮೇಲೆ ಕನ್ನಡಿಯಲ್ಲೇ ತನ್ನ ಹಿಂದೆ ನಿಂತವನ ಮುಖ ನೋಡಿದಳು. ಸುಟ್ಟ ಕೆನ್ನೆ ಹಾಳೆಯ ಕೆಂಪು ಬಣ್ಣದ ನೇರಕ್ಕೇ ಇತ್ತು.

"ಅಯ್ಯೋ ಶಿವನೇ," ಎಂದು ಕನ್ನಡಕ ತೆಗೆದು ಮಡಿಲಲ್ಲಿಟ್ಟುಕೊಂಡಳು. "ನಾನೇ ಮೂರು ಸಲ ಎಡವಟ್ಟು ಮಾಡಿದೆ. ಡಾಕ್ಟ್ರಿಗೆ ಹೇಳ್ತೀನಿ. ಚೀಟಿ ಈ ವಾರವೇ ಬರುತ್ತೆ."

ನೆಲ ತೊಳೆಯುತ್ತಿದ್ದ ಭಾಮೈದ ಪೊರಕೆಗೆ ಒರಗಿ ನಕ್ಕ. "ನಮ್ಮ ಭಾವನ್ನ ಹುಚ್ಚ ಮಾಡೋಕೆ ಒಂದು ಬೋಳುತಲೆ ಚಿತ್ರ ಸಾಕಾಯ್ತು ನೋಡಿ."

ಅಲುಗಾಡಬೇಡಿ ನಗಲಿಲ್ಲ. ಬೇಕಾದದ್ದು ಕೈಗೆ ಬಂದಿತ್ತು, ಸುಮ್ಮನಿದ್ದರೆ ಮುಗಿಯುತ್ತಿತ್ತು. ಆದರೆ ಹಾಳೆಯ ಲೆಕ್ಕ ಬಗೆಹರಿದರೂ ಅಂದು ಎಡಗೆನ್ನೆಗೆ ಹೋದ ಕೈಯ ಲೆಕ್ಕ ಬಗೆಹರಿದಿರಲಿಲ್ಲ. ಅವತ್ತು ಕನ್ನಡಿಯೂ ಇರಲಿಲ್ಲ, ಚಿತ್ರವೂ ಇರಲಿಲ್ಲ. ಹೇಳಿದರೆ ಚೀಟಿ ಮತ್ತೆ ಕೈತಪ್ಪಬಹುದು. ಆದರೂ ಕುರ್ಚಿಯ ಬೆನ್ನು ಹಿಡಿದುಕೊಂಡು ಹೇಳಿಯೇಬಿಟ್ಟ.

"ತಾಯಿ, ಒಂದು ಮಾತು. ಆ ಬಲಗೆನ್ನೆ ಮುಟ್ಟಿದ್ರೆ ನಂಗೆ ಗೊತ್ತೇ ಆಗಲ್ಲ, ರಟ್ಟು ಮುಟ್ಟಿದ ಹಾಗೆ. ಆದ್ರೆ ಯಾರಾದ್ರೂ ಅದನ್ನ ದುರುಗುಟ್ಟಿ ನೋಡಿದ್ರೆ ಈ ಎಡಗೆನ್ನೆ ಭಗ್ ಅಂತ ಉರಿಯುತ್ತೆ. ಬಸ್ಸಲ್ಲಿ, ಹಾಲಿನಂಗಡೀಲಿ. ಸುಟ್ಟಿರೋದು ಅದು, ಉರಿಯೋದು ಇದು. ನೀವು ಮುಟ್ಟಿ ಅಂದಾಗ ನನ್ನ ಕೈಗೆ ಯಾವುದು ಗೊತ್ತಿತ್ತೋ ಅದನ್ನ ಮುಟ್ಟಿರಬೇಕು. ಅಥವಾ ನಮ್ಮನೆಯವಳು ಹೇಳೋ ಹಾಗೆ ಮೊಣಕೈ ಬಿಗಿಗೋ ಏನೋ. ನಂಗೆ ತಿಳೀಲಿಲ್ಲ."

ಪ್ರಶ್ನೆಯಮ್ಮ ಪೆನ್ನು ತೆಗೆದಳು. ಹಾಳೆಯ ಮೇಲೆ ಇತ್ತಿಂದತ್ತ ಆಡಿಸಿದಳು, ಎಲ್ಲೂ ಇಡಲಿಲ್ಲ. "ಇದಕ್ಕೆ ಹಾಳೆಯಲ್ಲಿ ಜಾಗವೇ ಮಾಡಿಲ್ಲವಲ್ಲ ಅಣ್ಣ. ಯಾವ ಕೆನ್ನೆಗೆ ಬರೀಲಿ?"

"ನೀವು ಓದಿದೋರು, ನೀವೇ ಹೇಳಬೇಕು."

"ನಂಗೂ ಗೊತ್ತಿಲ್ಲ."

ಕೊನೆಗೆ ಅಂಚಿನ ಖಾಲಿ ಜಾಗದಲ್ಲಿ ಅವನ ಮಾತನ್ನು ಇದ್ದ ಹಾಗೆ ಬರೆದುಕೊಂಡಳು. 'ಸುಟ್ಟಿರೋದು ಅದು, ಉರಿಯೋದು ಇದು.' ಬರೆದದ್ದನ್ನು ಓದಿ ತೋರಿಸಿದಳು. ಸರಿ ಇದೆ ಎಂದ.

"ಇದರಿಂದ ಚೀಟಿಗೆ ತೊಂದರೆ ಆಗುತ್ತಾ?"

"ಹೇಳಲಾರೆ ಅಣ್ಣ. ಆಗಬಾರದು. ಡಾಕ್ಟ್ರು ಏನಂತಾರೋ."

ಅವಳು ಎದ್ದು ಹೋದಮೇಲೆ ಭಾಮೈದ ಪೊರಕೆ ಮೂಲೆಗಿಟ್ಟ, ಪರದೆಯಾಚೆ ಒಲೆ ಹಚ್ಚಿ ನೀರಿಟ್ಟ, ಕೈ ಒರೆಸಿಕೊಂಡ, ಬಂದು ಖಾಲಿ ಕುರ್ಚಿಯಲ್ಲಿ ಕಾಲು ನೀಡಿ ಕೂತ.

"ಏನೋ ಇದು?"

"ಮೂರು ದಿನದ ಗಡ್ಡ ಭಾವ. ಚೀಟಿ ಬಂದಾಗ ಬರಲಿ. ಅದು ಗೋಡೆಗೆ ಬೇಕಾಗಿರೋದು, ನನ್ನ ಕೆನ್ನೆಗಲ್ಲ."

"ಕುಯ್ದರೆ?"

"ಅಕ್ಕನಿಗೆ ಹೇಳ್ತೀನಿ."

ಅವನು ಬಿಳಿ ಬಟ್ಟೆ ಕೊಡವಿ ಹೊದಿಸಿದ. ಬ್ರಷ್ಷು ತಿರುವಿ ನೊರೆ ಎಬ್ಬಿಸಿದ. ಮೊಣಕೈ ಪೂರ್ತಿ ಮಡಚದ್ದರಿಂದ ಕುರ್ಚಿಯಿಂದ ಅರ್ಧ ಹೆಜ್ಜೆ ಹಿಂದೆ ನಿಲ್ಲಬೇಕಾಯಿತು. ಅಲ್ಲಿಂದ ಕನ್ನಡಿ ನೋಡಿದರೆ ಗಿರಾಕಿಯ ಮುಖದ ಜೊತೆ ತನ್ನದೂ ಕಂಡಿತು. ತಪ್ಪಿಸಿಕೊಳ್ಳಲು ದಾರಿಯಿರಲಿಲ್ಲ. ಎಡಗೆನ್ನೆ ಸಣ್ಣಗೆ ಬೆಚ್ಚಗಾಯಿತು. ಒಲೆಯ ಬಿಸಿನೀರಿನ ಹಬೆಯಿಂದಲೋ, ತನ್ನನ್ನು ತಾನೇ ನೋಡಿದ್ದರಿಂದಲೋ ಗೊತ್ತಾಗಲಿಲ್ಲ.

"ಅಲುಗಾಡಬೇಡ," ಎಂದ. ಯಾರಿಗೆ ಎಂದು ಭಾಮೈದ ಕೇಳಲಿಲ್ಲ.

ಬಲಗೆನ್ನೆ ಮುಗಿಯಿತು, ಎಡಗೆನ್ನೆ ಮುಗಿಯಿತು, ಗಲ್ಲದ ಕೆಳಗೂ ಮುಗಿಯಿತು. ಎಲ್ಲೂ ರಕ್ತ ಬರಲಿಲ್ಲ. ಭಾಮೈದ ಮುಖ ಸವರಿಕೊಳ್ಳುತ್ತಾ ಬೀದಿಯ ಬೆಂಚು ಒಳಗೆ ತರಲು ಹೋದ. ಅಲುಗಾಡಬೇಡಿ ಕತ್ತಿಯನ್ನು ಬಿಸಿನೀರಿನಲ್ಲಿ ಅದ್ದಿ ಒರೆಸಿಟ್ಟ, ಬ್ರಷ್ಷನ್ನು ನಲ್ಲಿಯ ಕೆಳಗೆ ಹಿಡಿದು ನೊರೆಯೆಲ್ಲ ಹೋಗುವವರೆಗೆ ಬೆರಳಿನಿಂದ ಬಿಡಿಸಿ ಬಿಡಿಸಿ ತೊಳೆದ, ಕೂದಲು ಕೆಳಮುಖವಾಗಿ ಮೊಳೆಗೆ ನೇತುಹಾಕಿದ. ಆಮೇಲೆ ಒಣಬಟ್ಟೆ ತೆಗೆದುಕೊಂಡು, ಹಬೆ ಕೂತ ಕನ್ನಡಿಯನ್ನು ಒಂದು ಮೂಲೆಯಿಂದ ಒರೆಸತೊಡಗಿದ.